ಜೈನ ಡಾಕ್ಟರ ಮನೆಯ ಮೇಜು

ಮನೆಯಲ್ಲಿ ನಾನು ಅತ್ಯಂತ ಕಡಿಮೆ ಹೊತ್ತು ಕಳೆಯುವ ಜಾಗ ಅಡುಗೆಮನೆ. ಆದರೂ ನನ್ನ ರಕ್ತದೊತ್ತಡ ಏರಿದಾಗಲೆಲ್ಲ ಅದರ ಮೂಲ ಹುಡುಕುತ್ತ ಹೋದರೆ ಕೊನೆಗೆ ತಲುಪುವುದು ಅಲ್ಲಿಗೇ. ಆಫೀಸಿನಲ್ಲಿ ಮ್ಯಾನೇಜರು ಬೈದರೆ ಸಂಜೆ ಮುಂಬಯಿಯ ಲೋಕಲ್ ರೈಲು ಹತ್ತುವ ಹೊತ್ತಿಗೆ ಮರೆತಿರುತ್ತೇನೆ. ಲೋಕಲ್ಲಿನಲ್ಲಿ ಯಾರಾದರೂ ಕಾಲು ತುಳಿದರೆ ಬಾಂದ್ರಾ ಬರುವಷ್ಟರಲ್ಲಿ ನಾನೂ ಇನ್ಯಾರದೋ ಕಾಲು ತುಳಿದು ಸಮಾಧಾನ ಪಟ್ಟುಕೊಂಡಿರುತ್ತೇನೆ. ಅಡುಗೆಮನೆಯ ತಾಪತ್ರಯ ಹಾಗೆ ದಾರಿಯಲ್ಲಿ ಬಿಟ್ಟು ಬರುವಂಥದ್ದಲ್ಲ. ಅದು ಎರಡು ಹೊತ್ತೂ ಅನ್ನದ ಜೊತೆಗೇ ತಟ್ಟೆಗೆ ಬೀಳುತ್ತದೆ.

ಇದೆಲ್ಲ ಶುರುವಾದದ್ದು ನನ್ನ ದವಡೆ ಹಲ್ಲಿನಿಂದ. ಅದನ್ನು ಕೀಳಿಸಲು ಹೋಗುವಾಗ ಧೈರ್ಯಕ್ಕಿರಲಿ ಎಂದು ಹೆಂಡತಿ ಶಾರದೆಯನ್ನು ಜೊತೆಗೆ ಕರೆದುಕೊಂಡು ಹೋದೆ. ನಾನು ಒಳಗೆ ಬಾಯಿ ತೆರೆದು ಕೂತಿದ್ದಾಗ ಅವಳು ಹೊರಗೆ ಒಂದು ಇಂಗ್ಲಿಷ್ ಪತ್ರಿಕೆ ತೆರೆದು ಕೂತಿದ್ದಳು. ಅದರಲ್ಲಿ ಯಾವುದೋ ದೇಶದ ಅಡುಗೆಮನೆಯ ಬಣ್ಣದ ಚಿತ್ರ. ಐವತ್ತರ ದಶಕದ ಅಡುಗೆಮನೆಯನ್ನು ಮತ್ತೆ ಇದ್ದ ಹಾಗೆಯೇ ಮಾಡಿಸಿಕೊಳ್ಳುವುದು ಅಲ್ಲಿ ಹೊಸ ಫ್ಯಾಷನ್ನಂತೆ. ಎಳೆ ಹಸಿರು ಕಪಾಟುಗಳು, ಚದುರಂಗದ ಹಾಸಿನ ಹಾಗೆ ಕಪ್ಪು ಬಿಳಿ ಚೌಕಗಳ ನೆಲ, ಹೊಳೆಯುವ ಕ್ರೋಮ್ ಕಾಲಿನ ಮೇಜು, ಕೆಂಪು ಸೀಟಿನ ಕುರ್ಚಿಗಳು. ನಾನು ಹೊರಗೆ ಬಂದ ಕೂಡಲೇ, "ರೀ, ನಮ್ಮನೇಲೂ ಹೀಗೆ ಮಾಡಿಸೋಣ್ವಾ?" ಎಂದು ಕೇಳಿದಳು. ಬಾಯಿಗೆ ಹತ್ತಿ ತುರುಕಿದ್ದರಿಂದ ನನಗೆ "ಹ್ಞೂಂ" ಬಿಟ್ಟು ಬೇರೆ ಅಕ್ಷರ ಹೊರಡುವಂತಿರಲಿಲ್ಲ, ತಲೆ ಅಲ್ಲಾಡಿಸಿದರೆ ನೋವಾಗುತ್ತಿತ್ತು. ಹೀಗೆ ನಮ್ಮ ಮನೆಯ ಅತಿ ದೊಡ್ಡ ತೀರ್ಮಾನಕ್ಕೆ ನನ್ನ ಒಪ್ಪಿಗೆ ಸಿಕ್ಕಿತು.

ಆ ಕಾಲಕ್ಕೆ ನಮ್ಮ ಬಿಲ್ಡಿಂಗಿನಲ್ಲಿ ಎಲ್ಲರೂ ಅಡುಗೆಕಟ್ಟೆಯ ಕಡಪಾ ಕಲ್ಲು ಕಿತ್ತು ಗ್ರಾನೈಟ್ ಹಾಕಿಸುತ್ತಿದ್ದರು. ಜನ ಮುಂದಕ್ಕೆ ಹೋಗುತ್ತಿದ್ದಾಗ ನಾವು ಮಾತ್ರ ಹಿಂದಕ್ಕೆ ಹೊರಟೆವು. "ಐವತ್ತರ ದಶಕದ್ದೇ ಬೇಕು ಅಂದ್ರೆ ನಾನಿದೀನಲ್ಲ ಮನೇಲಿ, ಆಗಲೇ ಹುಟ್ಟಿದ್ದು," ಎಂದೆ, ಹತ್ತಿ ತೆಗೆದ ಮೇಲೆ. "ನಿಮಗೆ ಕ್ರೋಮ್ ಕಾಲಿಲ್ಲ," ಎಂದಳು ಶಾರದೆ. ಆದರೆ ಒಂದು ಮಾತು ಹೇಳಲೇಬೇಕು. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಬಾಡಿಗೆ ಮನೆಗಳ ಮಸಿ ಹಿಡಿದ ಅಡುಗೆಮನೆಗಳಲ್ಲಿ ಅವಳು ತುಟಿ ಪಿಟಕ್ಕೆನ್ನದೆ ಬೇಯಿಸಿ ಹಾಕಿದ್ದಳು. ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಸ್ವಂತದ ಮನೆಯಾದ ಮೇಲೆ ಕೇಳಿದ ಮೊದಲನೆಯದು ಇದು. ಹಾಗಾಗಿ ಕಪಾಟಿಗೆ ಹಸಿರು ಬಣ್ಣ ಬಂತು, ನೆಲಕ್ಕೆ ಚೌಕಗಳು ಬಂದವು, ಕೆಂಪು ಸೀಟಿನ ಕುರ್ಚಿಗಳೂ ಬಂದವು. ಮೇಜು ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಆಗ ನೆರವಿಗೆ ಬಂದವರು ಕೆಳಗಿನ ಮನೆಯ ಸದಾನಂದ ಶೆಟ್ಟರು. ಉಡುಪಿ ಕಡೆಯವರು, ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಾರೆ. ಕೇಳಿದ ಸಹಾಯವನ್ನೂ ಮಾಡುತ್ತಾರೆ, ಕೇಳದ್ದನ್ನೂ ಮಾಡುತ್ತಾರೆ. "ಅದಕ್ಕೆಂತ ತಲೆಬಿಸಿ ಮಾರಾಯ್ರೆ? ಬೈಕುಲ್ಲಾದಲ್ಲಿ ಒಂದು ಇರಾನಿ ಹೋಟ್ಲು ಬಂದ್ ಆಗ್ತಾ ಉಂಟು. ಸುರುವಿಗೆ ತಂದ ಮೇಜು ಹಾಗೇ ಉಂಟು, ಏಕ್‌ದಂ ಮಜಬೂತ್. ಈಗಿನವರಿಗೆ ಹಾಗೆ ಮಾಡ್ಲಿಕ್ಕೇ ಬರುದಿಲ್ಲ," ಎಂದರು. ಹೋಗಿ ನೋಡಿದರೆ ಪತ್ರಿಕೆಯಲ್ಲಿದ್ದ ಮೇಜೇ ಅಲ್ಲಿಗೆ ಬಂದು ಕೂತ ಹಾಗಿತ್ತು. ಹಸಿರು ಸನ್‌ಮೈಕಾದ ಮೇಲ್ಭಾಗ, ಸುತ್ತ ಗೀರುಗೀರಾದ ಲೋಹದ ಪಟ್ಟಿ, ಕ್ರೋಮ್ ಕಾಲು. ಅಂಚಿನಲ್ಲಿ ಅಲ್ಲಲ್ಲಿ ಸಿಗರೇಟು ಸುಟ್ಟ ಕಂದು ಕಲೆಗಳು. ಒಬ್ಬ ಗಿರಾಕಿ ಅದರ ಮೇಲೆ ಕೊಚ್ಚಿದ ಮಾಂಸದ ಖೀಮಾ ಪಾವ್ ತಿನ್ನುತ್ತ ಕೂತಿದ್ದ. ಅವನು ತಿಂದು ಮುಗಿಸಿ ಬೆರಳು ಚೀಪಿ ಏಳುವವರೆಗೆ ನಾವು ಮೂವರೂ ಪಕ್ಕದಲ್ಲೇ ನಿಂತು ಕಾದೆವು. ಜನ್ಮದಲ್ಲಿ ಮೊಟ್ಟೆ ಮುಟ್ಟದ ಶಾರದೆ ಆ ಮೇಜನ್ನು ಅಂಗೈಯಿಂದ ಸವರಿ, "ಇದೇ ರೀ," ಎಂದಳು. ಮನೆಗೆ ತಂದ ಮೇಲೆ ಸೋಪಿನ ನೀರು, ಬಿಸಿನೀರು, ಹುಣಿಸೆಹಣ್ಣು ಎಲ್ಲದರಿಂದ ಅದಕ್ಕೆ ಸ್ನಾನವಾಯಿತು. ನಮ್ಮ ಮಟ್ಟಿಗೆ ಅದು ಶುದ್ಧವಾಯಿತು.

ಮಾರನೆಯ ವಾರ ಮೈಸೂರಿನಿಂದ ಅಣ್ಣ ಆಫೀಸಿಗೆ ಫೋನು ಮಾಡಿದ. ಅಮ್ಮ ಒಂದು ತಿಂಗಳು ನಮ್ಮಲ್ಲಿರಲು ಬರುತ್ತಿದ್ದಾಳೆ.

ನನ್ನ ಅಮ್ಮನ ಮಡಿಯ ವಿಷಯ ಹೇಳದಿದ್ದರೆ ನನ್ನ ಕಷ್ಟ ಯಾರಿಗೂ ಅರ್ಥವಾಗದು. ಹಿಂದೊಮ್ಮೆ ದಾದರಿನ ನೆಂಟರ ಮನೆಗೆ ಬಂದಿದ್ದಾಗ ಅವರ ಬಾಲ್ಕನಿಯ ಗುಲಾಬಿ ಕುಂಡದಲ್ಲಿ ಮೊಟ್ಟೆಯ ಚಿಪ್ಪು ಕಂಡಿತ್ತು. ಗೊಬ್ಬರಕ್ಕೆಂದು ಯಾರದೋ ಮನೆಯಿಂದ ತಂದದ್ದು ಎಂದು ಅವರು ಆಣೆ ಹಾಕಿದರು. ಅಮ್ಮ ಜಗಳವಾಡಲಿಲ್ಲ, ಮುಖ ಗಂಟಿಕ್ಕಲಿಲ್ಲ. "ನಂಗೆ ಹೊಟ್ಟೆ ಸರಿಯಿಲ್ಲ ಕಣಮ್ಮ," ಎಂದು ಹೇಳಿ ಊರಿಗೆ ಹೊರಡುವ ತನಕ ಬರೀ ಹಾಲು ಬಾಳೆಹಣ್ಣಿನಲ್ಲಿ ದಿನ ದೂಡಿದಳು. ಆ ಮನೆಯ ಹೆಂಗಸು ಇವತ್ತಿಗೂ ಬಾಳೆಹಣ್ಣು ನೋಡಿದರೆ ಕಣ್ಣೊರೆಸಿಕೊಳ್ಳುತ್ತಾಳೆ. ಬರೀ ಚಿಪ್ಪಿಗೇ ಹಾಗಾದರೆ ಖೀಮಾಕ್ಕೆ ಏನು ಗತಿ ಎಂದು ನನಗೆ ಲೋಕಲ್ಲಿನಲ್ಲಿ ನಿಂತಲ್ಲೇ ಬೆವರಿತು. ನಮ್ಮ ಸ್ವಂತ ಮನೆಗೆ ಅಮ್ಮ ಬರುವುದು ಇದೇ ಮೊದಲು. ಅವಳು ಶಾರದೆಯ ಕೈಯ ಅನ್ನ ಬಿಟ್ಟು ಬಾಳೆಹಣ್ಣು ಸುಲಿಯುವುದನ್ನು ನೋಡುವ ಶಕ್ತಿ ನನಗಿರಲಿಲ್ಲ.

"ಇದ್ದದ್ದು ಇದ್ದ ಹಾಗೆ ಹೇಳಿಬಿಡೋಣ ರೀ," ಎಂದಳು ಶಾರದೆ. ಅಕ್ಕಿ ಆರಿಸುತ್ತ, "ಇಲ್ಲಾಂದ್ರೆ ಶೆಟ್ಟರ ಗೋಡೌನಿಗೆ ಕಳಿಸಿಬಿಡಿ. ನಂಗೇನೂ ಬೇಜಾರಿಲ್ಲ," ಎಂದಳು. ಹೇಳುವಾಗ ಮೇಜಿನ ಕಡೆ ನೋಡಲಿಲ್ಲ. "ನನಗೆ ಬಿಡು," ಎಂದೆ. ನನಗೆ ಬಿಟ್ಟ ಕೆಲಸಗಳ ಚರಿತ್ರೆ ಅವಳಿಗೆ ಚೆನ್ನಾಗಿ ಗೊತ್ತು. ಅಕ್ಕಿ ತೊಳೆಯಲು ಹೋದಳು.

ಅಮ್ಮ ಬಂದಳು. ಒಂದು ಟ್ರಂಕು, ಒಂದು ಚಕ್ಕುಲಿ ಡಬ್ಬ, ಸೆರಗಿನಲ್ಲಿ ಸುತ್ತಿದ ಬೆಸುಗೆ ಹಾಕಿದ ಪುಟ್ಟ ತಾಮ್ರದ ತಂಬಿಗೆ. ಅದು ಕಾಶಿಯ ಗಂಗೆ. ಕೊನೆಗಾಲದಲ್ಲಿ ಬಾಯಿಗೆ ಬಿಡಲೆಂದು ತಂದದ್ದು, ಎಲ್ಲಿ ಹೋದರೂ ಜೊತೆಯಲ್ಲಿರುತ್ತದೆ. ಅದನ್ನು ದೇವರ ಮುಂದಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ನೆಲ ನೋಡಿದಳು. "ಒಳ್ಳೇದೇ ಆಯ್ತು ಕಣೇ ಶಾರದಾ. ಮಡೀಲಿದ್ದಾಗ ನಾನು ಬಿಳೀ ಚೌಕದ ಮೇಲೆ ನಡೀತೀನಿ, ನೀವು ಕರೀದರ ಮೇಲೆ ನಡೀರಿ. ಯಾರೂ ಯಾರಿಗೂ ತಗಲೋದಿಲ್ಲ," ಎಂದಳು. ಅಂದಿನಿಂದ ನಾನು ಕುಡಿಯುವ ನೀರಿಗೆ ಹೋಗಬೇಕಾದರೂ ಚದುರಂಗದ ಒಂಟೆಯ ಹಾಗೆ ಓರೆಯಾಗಿಯೇ ಹೋಗಬೇಕಾಯಿತು.

ಆಮೇಲೆ ಮೇಜಿನ ಸರದಿ. "ಇದೆಲ್ಲಿಂದ ತಂದ್ಯೋ ನಾಗು?" ಎಂದು ಕೇಳಿದಳು. ಯೋಚಿಸಿಟ್ಟುಕೊಂಡದ್ದನ್ನು ಒಪ್ಪಿಸಿದೆ. ಮಾಟುಂಗದಲ್ಲಿ ಒಬ್ಬರು ಜೈನ ಡಾಕ್ಟರು, ಬಹಳ ಆಚಾರವಂತರು, ಮನೆಯಲ್ಲಿ ಈರುಳ್ಳಿ ಕೂಡ ತರುವುದಿಲ್ಲ. "ಈರುಳ್ಳೀನೂ ಇಲ್ವೇ?" ಎಂದು ಅಮ್ಮ ಮೆಚ್ಚಿಕೊಂಡಳು. ಅಂಚಿನ ಕಲೆಯ ಮೇಲೆ ಬೆರಳಿಟ್ಟು, "ಇದೇನೋ ಇದು?" ಎಂದಳು. "ಊದುಬತ್ತಿ ಅಮ್ಮ. ಡಾಕ್ಟರ ಹೆಂಡತಿ ದಿನಾ ಪೂಜೆ ಮಾಡಿ ಇಲ್ಲೇ ಇಡ್ತಿದ್ರಂತೆ," ಎಂದೆ. "ಹೌದೇ? ಪಾಪ," ಎಂದಳು ಅಮ್ಮ. ಸುಳ್ಳು ಇಷ್ಟು ಸುಲಭವೆಂದು ಗೊತ್ತಿದ್ದರೆ ಆಫೀಸಿನಲ್ಲಿ ಎಂದೋ ಬಡ್ತಿ ಸಿಗುತ್ತಿತ್ತಲ್ಲ ಎಂದುಕೊಂಡೆ.

ಸುಳ್ಳನ್ನು ಹೇಳುವುದು ಸುಲಭ, ಸಾಕುವುದು ಕಷ್ಟ. ಮಾರನೆಯ ದಿನದಿಂದ ಅಮ್ಮ ಮಂಡಿನೋವಿಗೆ ಅನುಕೂಲವೆಂದು ಆ ಮೇಜಿನ ಮುಂದೆಯೇ ಊಟಕ್ಕೆ ಕೂತಳು. ಅವಳು ಒಂದೊಂದು ತುತ್ತೆತ್ತಿದಾಗಲೂ ನನ್ನ ಕಣ್ಣಿಗೆ ಬೈಕುಲ್ಲಾದ ಗಿರಾಕಿ ಬೆರಳು ಚೀಪುವುದು ಕಾಣುತ್ತಿತ್ತು. ಜೊತೆಗೆ ಅವಳದು ಒಂದೇ ವರಾತ. "ಅಂಥ ಮನೆಯ ಮೇಜು ಕೊಟ್ಟಿದಾಳೆ. ಆ ತಾಯೀನ ಒಂದು ದಿನ ಕರಿ, ಶಾರದಾ ಕೈಲಿ ಕುಂಕುಮ ತಾಂಬೂಲ ಕೊಡಿಸೋಣ." ಇಲ್ಲದ ಹೆಂಗಸನ್ನು ಎಲ್ಲಿಂದ ಕರೆಯಲಿ? ಆಕೆ ಯಾತ್ರೆಗೆ ಹೋಗಿದ್ದಾರೆ ಎಂದೆ. ಯಾತ್ರೆ ಮುಗಿಯುವಷ್ಟು ದಿನ ಕಳೆದ ಮೇಲೆ, ಮಗಳ ಬಾಣಂತನಕ್ಕೆ ಸೂರತ್ತಿಗೆ ಹೋಗಿದ್ದಾರೆ ಎಂದೆ. "ಏನು ಮಗು?" ಎಂದಳು ಅಮ್ಮ. ಬಾಯಿ ತಪ್ಪಿ "ಗಂಡು" ಎಂದುಬಿಟ್ಟೆ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಅಮ್ಮ ತನ್ನ ಹಳೆಯ ರೇಷ್ಮೆಸೀರೆಯ ತುಂಡಿನಲ್ಲಿ ಆ ಮಗುವಿಗೆ ಕುಲಾವಿ ಹೊಲಿಯುತ್ತ ಕೂತಿದ್ದಾಳೆ. ಶಾರದೆ ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ.

ಶೆಟ್ಟರಿಗೆ ಜೈನ ಡಾಕ್ಟರ ಸಂಗತಿಯನ್ನು ಮೊದಲೇ ಹೇಳಿಕೊಟ್ಟಿದ್ದೆ. ಆದರೆ ಆಮೇಲೆ ಹುಟ್ಟಿಕೊಂಡ ಹೆಂಡತಿ, ಯಾತ್ರೆ, ಸೂರತ್ತು, ಬಾಣಂತನ ಯಾವುದನ್ನೂ ತಿಳಿಸಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಅವರು, "ಅಮ್ಮ ಬಂದಿದ್ದಾರಂತೆ, ಮಾತಾಡ್ಸಿ ಹೋಗುವ ಅಂತ ಬಂದೆ," ಎನ್ನುತ್ತ ಬಂದೇಬಿಟ್ಟರು. ನಾನು ಬಾಗಿಲಲ್ಲೇ ಕಣ್ಣಿನಲ್ಲಿ ಸನ್ನೆ ಮಾಡಿದೆ. ಅವರೂ ನಾನುಂಟಲ್ಲ ಎನ್ನುವ ಹಾಗೆ ಸನ್ನೆ ಮಾಡಿ ಒಳಗೆ ನಡೆದರು. ಅಮ್ಮ ಮೇಜಿನ ಮುಂದೆ ಕುಲಾವಿಗೆ ಲಾಡಿ ಹೊಲಿಯುತ್ತಿದ್ದಳು. ಶಾರದೆ ಕಾಫಿ ಬೆರೆಸುತ್ತಿದ್ದಳು. ಮೇಜಿನ ಮಾತು ಬಂತು. ಶೆಟ್ಟರು ಡಾಕ್ಟರನ್ನು ಹೊಗಳಿದ್ದೇ ಹೊಗಳಿದ್ದು. ಬಟಾಟೆ ಸಹ ತಿನ್ನುವುದಿಲ್ಲವಂತೆ, ಸೊಳ್ಳೆಯನ್ನೂ ಹೊಡೆಯುವುದಿಲ್ಲವಂತೆ. ಇಲ್ಲಿಗೆ ನಿಲ್ಲಿಸಿ ಎಂದು ನಾನು ಒಳಗೊಳಗೇ ದೇವರನ್ನು ಬೇಡುತ್ತಿದ್ದೆ.

"ಅವರ ಹೆಂಡ್ತೀನ ಕುಂಕುಮಕ್ಕೆ ಕರೀಬೇಕು ಅಂತಿದೀನಿ, ಸಿಕ್ತಾನೇ ಇಲ್ಲ," ಎಂದಳು ಅಮ್ಮ.

ನನ್ನ ಸಂಕಟ ಶೆಟ್ಟರಿಗೆ ಕೂಡಲೇ ಅರ್ಥವಾಯಿತು. ನನ್ನನ್ನು ಪಾರು ಮಾಡಲೆಂದೇ ಅವರು ಕೈಯಾಡಿಸಿ, "ಹೆಂಡ್ತಿಯಾ? ಡಾಕ್ಟ್ರಿಗೆ ಮದುವೆಯೇ ಆಗ್ಲಿಲ್ಲ ಅಮ್ಮ. ಸನ್ಯಾಸಿ ಹಾಗೆ ಇದ್ದಾರೆ. ಕುಂಕುಮದ ಉಪದ್ರವೇ ಇಲ್ಲ ನಿಮಗೆ," ಎಂದರು.

ಸೂಜಿ ನಿಂತಿತು. ಅಮ್ಮ ಕುಲಾವಿಯನ್ನು ನೋಡಿದಳು, ಶೆಟ್ಟರನ್ನು ನೋಡಿದಳು. "ಹಾಗಾದ್ರೆ ಮೊಮ್ಮಗು?" ಎಂದು ಮೆಲ್ಲಗೆ ಕೇಳಿದಳು. ಶೆಟ್ಟರು ನನ್ನತ್ತ ತಿರುಗಿದರು. ಅವರ ಮುಖದಲ್ಲಿ ಅಷ್ಟು ಗಲಿಬಿಲಿ ನಾನು ಹಿಂದೆಂದೂ ಕಂಡಿರಲಿಲ್ಲ. "ಮೊಮ್ಮಗು... ದತ್ತು ಇರ್ಬೇಕು," ಎಂದವರೇ ಹೋಟೆಲಿನಲ್ಲಿ ಗಿರಾಕಿಗಳಿದ್ದಾರೆಂದು ಕಾಫಿಯನ್ನೂ ಕುಡಿಯದೆ ಇಳಿದುಹೋದರು.

ಅಮ್ಮ ಅಂಚಿನ ಕಲೆಯ ಮೇಲೆ ಮತ್ತೆ ಬೆರಳಿಟ್ಟು, "ನಿಜ ಹೇಳು. ಈ ಮೇಜು ಯಾವ ಹೋಟ್ಲಿಂದೋ?" ಎಂದಳು.

"ಬೈಕುಲ್ಲಾದ್ದು. ಇರಾನಿ."

"ಮಾಂಸ ಮಾಡ್ತಾರಾ?"

"ಮಾಡ್ತಾರೆ," ಎಂದೆ. ಶಾರದೆ ಒಲೆಯ ಕಡೆ ತಿರುಗಿ ನಿಂತಿದ್ದಳು, ಅವಳ ಭುಜ ಅಲುಗುತ್ತಿತ್ತು. ನನಗೆ ಆಗ ಆದಷ್ಟು ನಾಚಿಕೆ, ಭಯ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ. ಅಮ್ಮ ಈಗ ಬಾಳೆಹಣ್ಣು ತರಿಸು ಎನ್ನುತ್ತಾಳೆಂದು ಕಾಯುತ್ತ ನಿಂತೆ.

ಅಮ್ಮ ಎದ್ದು ಬಿಳಿ ಚೌಕಗಳ ಮೇಲೆ ಹೆಜ್ಜೆಯಿಡುತ್ತ ದೇವರ ಮುಂದೆ ಹೋಗಿ ತಾಮ್ರದ ತಂಬಿಗೆ ತಂದು ಮೇಜಿನ ಮೇಲಿಟ್ಟಳು. ಅದರ ಬೆಸುಗೆ ಬಿಚ್ಚಿತ್ತು. "ಬಂದ ದಿನವೇ ಗೊತ್ತಾಯ್ತು ಕಣೋ. ಊದುಬತ್ತಿ ಕಲೆ ಯಾವುದು, ಸಿಗರೇಟಿನ ಕಲೆ ಯಾವುದು ಅಂತ ನಂಗೆ ತಿಳಿಯಲ್ವಾ? ನಿಮ್ಮಪ್ಪ ಕುರ್ಚಿ ಕೈಯೆಲ್ಲ ಹೀಗೇ ಸುಟ್ಟಿಟ್ಟಿದ್ರು. ಊಟ ಬೇಡ ಅನ್ನೋಣ ಅಂದ್ಕೊಂಡೆ. ಅಷ್ಟರಲ್ಲಿ ಇವಳು ಸೆರಗಲ್ಲಿ ಈ ಮೇಜು ಒರೆಸ್ತಾ ಇದ್ದದ್ದು ನೋಡ್ದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಹುಡುಗಿ ಒಂದು ವಸ್ತೂನ ಹಾಗೆ ಮುಟ್ಟಿದ್ದು ನಾನು ನೋಡಿರಲಿಲ್ಲ. ನಿನ್ನ ಇಕ್ಕಳದಲ್ಲೇ ಮುಚ್ಚಳ ಎಬ್ಬಿಸಿ ಅರ್ಧ ಗಂಗೆ ಮೇಜಿಗೆ ಚುಮುಕಿಸ್ದೆ," ಎಂದಳು.

"ಅದು ನಿಮ್ಮ ಕೊನೆಗಾಲಕ್ಕೆ ಅಂತ ಇಟ್ಟದ್ದಲ್ವಾ ಅತ್ತೆ," ಎಂದು ಶಾರದೆ ಅಳುತ್ತಲೇ ಕೇಳಿದಳು.

"ನಂಗೆ ಅರ್ಧ ಸಾಕು ಕಣೇ," ಎಂದಳು ಅಮ್ಮ.

ಏನಾದರೂ ಹೇಳಬೇಕೆಂದು ನಾನು, "ಮತ್ತೆ ಈ ಕುಲಾವಿ?" ಎಂದೆ. "ನೀನು ಎಲ್ಲಿ ನಿಲ್ಲಿಸ್ತೀಯ ನೋಡೋಣ ಅಂತ ಹೊಲಿದೆ. ನೀನು ನಿಲ್ಲಿಸಲಿಲ್ಲ, ನನ್ನ ದಾರ ಮುಗೀತು," ಎಂದು ಅದನ್ನು ಕಾಫಿ ಫಿಲ್ಟರಿನ ತಲೆಗೆ ತೊಡಿಸಿದಳು. ಆಮೇಲೆ ತೀರ್ಪು ಕೊಟ್ಟಳು. "ಮೇಜಿನ ಮೈಲಿಗೆ ಅರ್ಧ ತಂಬಿಗೇಲಿ ಹೋಯ್ತು. ಉಳಿದಿದ್ದನ್ನ ನಿನ್ನ ನಾಲಿಗೆಗೆ ಖರ್ಚು ಮಾಡಕ್ಕಾಗಲ್ಲ. ನಾನು ಊರಿಗೆ ಹೋಗೋ ತನಕ ನೀನು ಕೆಳಗೆ ಕೂತು ಊಟ ಮಾಡು. ಕರೀ ಚೌಕದಲ್ಲಿ."

ಅಂದಿನಿಂದ ನಮ್ಮ ಹೊಸ ಹಳೆಯ ಅಡುಗೆಮನೆಯಲ್ಲಿ ಅತ್ತೆ ಸೊಸೆ ಕೆಂಪು ಕುರ್ಚಿಗಳಲ್ಲಿ ಎದುರುಬದುರು ಕೂತು ಹಪ್ಪಳ ಮುರಿಯುತ್ತ ಮೈಸೂರಿನ ಸುದ್ದಿ ಮಾತಾಡುತ್ತಾರೆ. ನಾನು ನೆಲದಲ್ಲಿ ಕೂತು ಕ್ರೋಮ್ ಕಾಲುಗಳಲ್ಲಿ ನನ್ನ ಮುಖ ನೋಡಿಕೊಳ್ಳುತ್ತ ಸಾರನ್ನ ಉಣ್ಣುತ್ತೇನೆ. ಅಮ್ಮ ಇಲ್ಲಿ ಹೊಟ್ಟೆ ತುಂಬ ಉಣ್ಣಲಿ ಎಂದಲ್ಲವೆ ನಾನು ಇಷ್ಟೆಲ್ಲ ಹೆಣಗಿದ್ದು. ಅದು ಬೇಕಾದದ್ದಕ್ಕಿಂತ ಚೆನ್ನಾಗಿಯೇ ಈಡೇರಿದೆ. ಒಂದು ತಿಂಗಳು ಮುಗಿದು ಎಷ್ಟೋ ದಿನವಾಯಿತು. ಮಂಡಿನೋವಿಗೆ ಈ ಮೇಜು ಚೆನ್ನಾಗಿ ಒಗ್ಗಿದೆ, ದಸರೆಯವರೆಗೂ ಇದ್ದುಬಿಡುತ್ತೇನೆ ಎಂದು ಅಮ್ಮ ಅಣ್ಣನಿಗೆ ಹೇಳಿ ಕಳಿಸಿದ್ದಾಳೆ. ನನಗೆ ಸಂತೋಷವೇ. ಆದರೆ ಚೌಕಗಳನ್ನು ಆರಿಸುವಾಗ ಇನ್ನೊಂದಿಷ್ಟು ದೊಡ್ಡವನ್ನು ಆರಿಸಬೇಕಿತ್ತು. ನನ್ನ ಗಾತ್ರದವನು ಚಕ್ಕಳಮಕ್ಕಳ ಹಾಕಿ ಕೂರಲು ಒಂದು ಚೌಕ ಏನೇನೂ ಸಾಲದು. ನಿನ್ನೆ ರಾತ್ರಿ ಮಜ್ಜಿಗೆಯನ್ನದ ಹೊತ್ತಿಗೆ ಮೇಲಿನಿಂದ ದನಿ ಬಂತು, "ನಾಗು, ಮಂಡಿ ಬಿಳೀದಕ್ಕೆ ಬಂದಿದೆ, ಒಳಕ್ಕೆ ಎಳ್ಕೋ." ಅಮ್ಮನ ದನಿಯೆಂದು ಎಳೆದುಕೊಂಡೆ. ತಲೆಯೆತ್ತಿ ನೋಡಿದರೆ ಅಮ್ಮ ಆಗಲೇ ಕೈತೊಳೆಯಲು ಹೋಗಿದ್ದಳು, ಕುರ್ಚಿಯಲ್ಲಿದ್ದವಳು ಶಾರದೆ.