ಒಂದು ಸಾಲಿನಲ್ಲಿ ಬರೆಯಲಾರೆ

ಚುಟುಕಾಗಿ ಬರೆಯುವವರನ್ನು ಕಂಡರೆ ನನಗೆ ಅನುಮಾನ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸುವವನು ಒಂದೋ ಯೋಚಿಸಿಲ್ಲ, ಇಲ್ಲವೇ ಯೋಚಿಸಿದ್ದನ್ನು ಬಚ್ಚಿಟ್ಟಿದ್ದಾನೆ. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವನು ನಾನು, ಮಳೆ ಬರುತ್ತಿದೆ ಎನ್ನುವುದಕ್ಕೂ ‘ಮೇಲ್ನೋಟಕ್ಕೆ’ ಎಂದು ಸೇರಿಸುತ್ತೇನೆ. ಕಂಪ್ಯೂಟರಿನಲ್ಲಿ ಬರೆಯುವಾಗಲೂ ಅದನ್ನು ಬಿಡು ಎನ್ನುವ ಹಕ್ಕು ಯಾರಿಗೂ ಇಲ್ಲ.

ಕಾಲೇಜಿನ ಹಳೆಯ ಸಹಪಾಠಿಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೆವು. ಒಬ್ಬರು ಬರೆದ ಮೇಲ್ ಎಲ್ಲರಿಗೂ ಹೋಗುತ್ತದೆ. ಅದನ್ನು ನೋಡಿಕೊಳ್ಳುವವಳು ವಸುಂಧರಾ, ಕುಂಸಿಯ ಕಡೆ ಹೈಸ್ಕೂಲು ಟೀಚರು. ಅವಳದೊಂದು ನಿಯಮಾವಳಿ: ಬೇಕಾದದ್ದನ್ನು ಮೊದಲು ಹೇಳಿ, ಐದು ಸಾಲು ದಾಟಬೇಡಿ. ಬಹಳ ವರ್ಷ ಉತ್ತರಪತ್ರಿಕೆ ತಿದ್ದಿದವರಿಗೆ ಹೀಗಾಗುತ್ತದೆ. ಆ ನಿಯಮಗಳನ್ನು ಖಂಡಿಸಿ ಅರವತ್ತು ಸಾಲು ಬರೆದೆ.

ಈ ನಡುವೆ ವರ್ಷದ ಕೂಟ ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಎಂಬ ಪ್ರಶ್ನೆ ಬಂತು. ಭದ್ರಾವತಿಯದೇ ಜನ್ನಾಪುರದ ಗೆಳೆಯ ರುದ್ರೇಶ ಕಾಲು ಮುರಿದುಕೊಂಡು ಪ್ಲಾಸ್ಟರಿನಲ್ಲಿದ್ದ. ಭದ್ರಾವತಿಯಾದರೆ ಮಾತ್ರ ಅವನು ಬರಬಲ್ಲ. ವೋಟು ಸರಿಸಮ ಬಿದ್ದು ನನ್ನದೊಂದೇ ಉಳಿಯಿತು. ಶಿವಮೊಗ್ಗದ ದುರ್ಗಿಗುಡಿಯ ಸೈಬರ್ ಸೆಂಟರಿನಲ್ಲಿ ಕೂತು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿ, ಎರಡೂ ಕಡೆಯ ವಾದಗಳನ್ನು ತೂಗಿ ನೋಡಿ ಏಳು ಪ್ಯಾರಾ ಕಳಿಸಿದೆ. ಮರುದಿನ ಶಿವಮೊಗ್ಗದ ಪಕ್ಷದವರು ಮೂರನೇ ಪ್ಯಾರಾ ತೋರಿಸಿ ನಾನು ಅವರವನೆಂದರು. ಭದ್ರಾವತಿಯವರು ಐದನೆಯದನ್ನು ತೋರಿಸಿದರು. ನಾನೇ ತೆಗೆದು ಓದಿದೆ. ಯಾರೋ ಬುದ್ಧಿವಂತ ಬರೆದಿದ್ದಾನೆ ಎನಿಸಿತು. ಏನು ಹೇಳುತ್ತಿದ್ದಾನೆಂದು ಮಾತ್ರ ತಿಳಿಯಲಿಲ್ಲ. ಬರೆಯುವಾಗ ಮನಸ್ಸಿನಲ್ಲಿದ್ದದ್ದು ಭದ್ರಾವತಿಯೇ ಎಂದು ನೆನಪು. ಆದರೆ ನನ್ನ ನೆನಪನ್ನು ನಾನು ಪರಿಶೀಲಿಸದೆ ನಂಬುವವನಲ್ಲ.

ಅಷ್ಟರಲ್ಲಿ ರುದ್ರೇಶ ಫೋನು ಮಾಡಿದ. “ಬರಬೇಡ ಅಂತ ನೇರವಾಗಿ ಹೇಳಿದ್ರೆ ಬೇಜಾರಾಗ್ತಿರಲಿಲ್ಲ ಮಾರಾಯ. ಅದಕ್ಕೆ ಏಳು ಪ್ಯಾರಾ ಯಾಕೆ?”

ಆ ದನಿ ಕೇಳಿದ ಮೇಲೆ ಸಿದ್ಧಾಂತ ಸ್ವಲ್ಪ ಅಲುಗಾಡಿತು. ಅಂದೇ ಸೈಬರ್ ಸೆಂಟರಿಗೆ ಹೋಗಿ ಒಂದೇ ಸಾಲು ಬರೆದೆ: ಭದ್ರಾವತಿಯಲ್ಲೇ ಸೇರೋಣ. ವಸುಂಧರಾ ಅದನ್ನು ಗುಂಪಿಗೆ ಹೋಗಗೊಡದೆ ತಡೆಹಿಡಿದಳು. ಇದು ಅವನ ಬರಹವಲ್ಲ, ಯಾರೋ ಅವನ ಪಾಸ್‌ವರ್ಡ್ ಕದ್ದಿದ್ದಾರೆ ಎಂದು ಎಲ್ಲರಿಗೂ ಎಚ್ಚರಿಕೆ ಹೋಯಿತು. ನಾನು ನಾನೇ ಎಂದು ಸಾಧಿಸುವುದು ತತ್ತ್ವಶಾಸ್ತ್ರದಲ್ಲೂ ಸುಲಭದ ಕೆಲಸವಲ್ಲ. ಕೆರಳಿ ಕೂತೆ. ಮನುಷ್ಯನ ಗುರುತು ಯಾವುದರಲ್ಲಿದೆ ಎಂಬಲ್ಲಿಂದ ಹಿಡಿದು ಚುಟುಕು ಬರಹದ ದಬ್ಬಾಳಿಕೆಯವರೆಗೆ ಒಂಬತ್ತು ಪ್ಯಾರಾ ಕುಟ್ಟಿದೆ. ಯಾರ ಮುಲಾಜಿಗೂ ಒಂದಕ್ಷರ ಕಡಿಮೆ ಮಾಡಲಿಲ್ಲ. ಎರಡನೇ ಪ್ಯಾರಾಕ್ಕೇ ಎಲ್ಲರೂ ನನ್ನನ್ನು ಗುರುತಿಸಿದರಂತೆ.

ಸಂಜೆ ಮತ್ತೆ ರುದ್ರೇಶನ ಫೋನು. “ನೀನೇ ಅಂತ ಗೊತ್ತಾಯ್ತು ಬಿಡೋ. ಪ್ರಿಂಟ್ ಹಾಕಿಸಿ ಪೂರ್ತಿ ಓದಿದೆ, ನಂಗೇನು ಬೇರೆ ಕೆಲಸ. ಆದ್ರೆ ಎಲ್ಲಿ ಸೇರೋದು ಅಂತ ಬರೀಲೇ ಇಲ್ವಲ್ಲ?”

ಬರೆದಿದ್ದೇನೆ, ಗಮನವಿಟ್ಟು ಓದು ಎಂದು ಗದರಿಸಿ ಫೋನಿಟ್ಟೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಬರೆದಿದ್ದೇನೋ ಇಲ್ಲವೋ ನೋಡಲು ಸೈಬರ್ ಸೆಂಟರಿಗೆ ಓಡಿದೆ.