ಕಾಕಾನ ಅಂಗಡಿಗೆ ನಾನು ಕಳಿಸಿದ ಮಂದಿ

ಬಂದ ಗಿರಾಕಿಯನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುವ ವಿದ್ಯೆಗೆ ಪ್ರಶಸ್ತಿ ಅಂತ ಒಂದಿದ್ದರೆ, ಅದು ಪ್ರತಿ ವರ್ಷ ಬ್ಯಾಡಗಿಯ ನಮ್ಮ ಕಾಕಾನ ಮನೆಗೇ ಬರುತ್ತಿತ್ತು! ಅವರ ಹೆಸರು ಹೇಳುವುದಿಲ್ಲ. ಹೇಳಿದರೆ ಅವರೇನೂ ಬೇಸರ ಮಾಡಿಕೊಳ್ಳುವವರಲ್ಲ, ನನಗೇ ಬ್ಯಾಡಗಿಯಲ್ಲಿ ತಲೆ ಎತ್ತಿ ತಿರುಗಾಡಲಿಕ್ಕೆ ಆಗುವುದಿಲ್ಲ. ಯಾಕೆ ಎಂಬುದನ್ನು ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ.

ಕಾಕಾನದು ಮೆಣಸಿನಕಾಯಿ, ಖಾರಪುಡಿ ಮಾರುವ ಸಣ್ಣ ಅಂಗಡಿ. ಒಳಗೆ ಕಾಲಿಟ್ಟವರ ಕೈಗೆ ಮೊದಲು ಒಂದು ಮೆಣಸಿನಕಾಯಿ ಕೊಡುತ್ತಾರೆ. ಅದನ್ನು ಮುರಿಯಬೇಕು, ಮೂಸಬೇಕು. ಆಮೇಲೆ ಪರೀಕ್ಷೆ: "ಯಾವ ಅಡಿಗಿಗೆ ಬೇಕ್ರಿ?" ಎಣಗಾಯಿಗೊಂದು, ಬೇಳೆಸಾರಿಗೊಂದು, ಉಪ್ಪಿನಕಾಯಿಗೊಂದು ಅಂತ ಅವರ ಹತ್ತಿರ ಬೇರೆ ಬೇರೆ ಚೀಲಗಳಿವೆ. ಉತ್ತರ ಸರಿ ಬರದಿದ್ದರೆ ಮಾಲು ಇಲ್ಲ!

ಒಮ್ಮೆ ಕಾರಿನಲ್ಲಿ ಬಂದ ಸಾಹೇಬರೊಬ್ಬರು ಗಡಿಬಿಡಿಯಲ್ಲಿದ್ದರು. "ಯಾವುದಾದರೂ ಆದೀತು, ಐದು ಕಿಲೋ ಕಟ್ಟಿಬಿಡಿ" ಅಂದರು. ಕಾಕಾ ಕೈಮುಗಿದು, "ಯಾವುದಾದ್ರೂ ಆದೀತು ಅನ್ನೂದು ನಮ್ಮಲ್ಲಿ ಇಲ್ರಿ. ಆ ಮುಂದಿನ ಅಂಗಡ್ಯಾಗ ಐತಿ" ಅಂದು, ಸ್ವತಃ ಇಳಿದು ಹೋಗಿ ಆ ಅಂಗಡಿ ತೋರಿಸಿ ಬಂದರು. ಕಾಕಾನ ಹೆಂಡತಿ ಕಾಕು ಹಣೆ ಹಣೆ ಬಡಿದುಕೊಂಡಳು. ಆ ಮುಂದಿನ ಅಂಗಡಿಯವರು ಮಾತ್ರ ಇವತ್ತಿಗೂ ಪ್ರತಿ ದೀಪಾವಳಿಗೆ ಕಾಕಾನಿಗೆ ಸಿಹಿ ಕಳಿಸುತ್ತಾರೆ.

ಇಂಥವರನ್ನು ಉದ್ಧಾರ ಮಾಡುವ ಹುಕಿ ನನಗೆ ಹತ್ತಿತು. ನಾನು ರಾಣೆಬೆನ್ನೂರಿನಲ್ಲಿ ಅರ್ಜಿ ತುಂಬಿಕೊಡುವ ಆನ್‌ಲೈನ್ ಸೆಂಟರ್ ಇಟ್ಟವಳು. ಆರು ಕಂಪ್ಯೂಟರ್, ಒಂದು ಪ್ರಿಂಟರ್, ಬೇಕಾದಷ್ಟು ಅಹಂಕಾರ! ಕಾಕಾನಿಗೊಂದು ವೆಬ್‌ಸೈಟ್ ಮಾಡಿದೆ. ಕೆಂಪು ಬಣ್ಣ, ಮೆಣಸಿನಕಾಯಿಯ ಚಿತ್ರ, ಕೆಳಗೆ ಎಷ್ಟು ಜನ ನೋಡಿದರು ಎಂದು ತೋರಿಸುವ ಲೆಕ್ಕದ ಪಟ್ಟಿ. ಕಾಕಾ ಒಂದೇ ಒಂದು ಷರತ್ತು ಹಾಕಿದರು.

"ಬಾಗಲದಾಗನ ಕೇಳಬೇಕು ನೋಡವಾ, ಯಾವ ಅಡಿಗಿಗೆ ಅಂತ. ಹೇಳಿದವರಿಗಷ್ಟ ಒಳಗ ಬಿಡು."

"ಹಂಗ ಮಾಡಿದ್ರ ಯಾರೂ ಒಳಗ ಬರೂದಿಲ್ಲ ಕಾಕಾ!"

"ಬೇಕಾದವರು ಬರ್ತಾರ ಬಿಡು."

ಹಾಕಿದೆ. ಮೊದಲ ವಾರ ನಾಲ್ಕು ಮಂದಿ ಬಂದರು. ಮೂವರು ಪ್ರಶ್ನೆ ಕಂಡ ಕೂಡಲೇ ಓಡಿದರು. ನಾಲ್ಕನೆಯವಳು ನಾನೇ.

ಕಾಕಾ ಮಾತ್ರ ದಿನಾ ಮುಂಜಾನೆ ಫೋನ್ ಮಾಡಿ, "ನಿನ್ನೆ ಯಾರ್ಯಾರು ಬಂದಿದ್ರವಾ?" ಅಂತ ಕೇಳುತ್ತಿದ್ದರು. ಯಾರೂ ಇಲ್ಲ ಅಂದರೆ, "ಇರ್ಲಿ ಬಿಡು" ಅನ್ನುತ್ತಿದ್ದರು. ಆ 'ಇರ್ಲಿ ಬಿಡು' ಕೇಳಿ ಕೇಳಿ ನನಗೆ ತಡೆಯಲಾಗಲಿಲ್ಲ. ಖರೇ ಹೇಳಬೇಕೆಂದರೆ ಕಾಕಾನ ಮೇಲಿನ ಕನಿಕರಕ್ಕಿಂತ ನನ್ನ ಮಾನದ ಚಿಂತೆಯೇ ದೊಡ್ಡದಾಗಿತ್ತು. ವೆಬ್‌ಸೈಟ್ ಮಾಡಿದವಳು ನಾನು ಅಂತ ಇಡೀ ಬಳಗಕ್ಕೆ ಡಂಗುರ ಸಾರಿದ್ದೆನಲ್ಲ!

ಅದಕ್ಕೆ ಏನು ಮಾಡಿದೆ? ಕಾಕಾನ ಪ್ರಶ್ನೆಯನ್ನು ಸದ್ದಿಲ್ಲದೆ ಕಿತ್ತು ಹಾಕಿದೆ. ನನ್ನ ಆರೂ ಕಂಪ್ಯೂಟರುಗಳಲ್ಲಿ ಇಂಟರ್‌ನೆಟ್ ತೆರೆದರೆ ಮೊದಲು ಕಾಕಾನ ಅಂಗಡಿಯೇ ಬರುವಂತೆ ಮಾಡಿಟ್ಟೆ! ಜಾತಿ ಪ್ರಮಾಣಪತ್ರಕ್ಕೆ ಬಂದವರು, ಪಹಣಿ ತೆಗೆಸಲು ಬಂದವರು, ರಿಸಲ್ಟ್ ನೋಡಲು ನಡುಗುತ್ತಾ ಬಂದ ಹುಡುಗಿಯರು, ಎಲ್ಲರೂ ಮೆಣಸಿನಕಾಯಿಯ ದರ್ಶನ ಮಾಡಿಯೇ ಮುಂದೆ ಹೋಗಬೇಕು. ಅದೂ ಸಾಲದೆ ವಾಟ್ಸಾಪಿನಲ್ಲಿ, "ಈ ಲಿಂಕ್ ಒತ್ತಿ, ಚೀಟಿ ಎತ್ತಿ ಒಬ್ಬರಿಗೆ ಮೊಬೈಲ್ ರೀಚಾರ್ಜ್" ಅಂತ ಹರಿಬಿಟ್ಟೆ. ಮರುದಿನದ ಲೆಕ್ಕ ಎಷ್ಟು? ನಾನೂರಾ ಹನ್ನೆರಡು!

ಕಾಕಾ ಫೋನಿನಲ್ಲಿ ಎರಡು ಸಲ ಹೇಳಿಸಿಕೊಂಡರು. ಆಮೇಲೆ ಅಂಗಡಿಯ ಮುಂದೆ ನಿಂತು ಹೋಗಿ ಬರುವವರಿಗೆಲ್ಲ ಹೇಳಿದರಂತೆ. ಸಿಹಿ ಕಳಿಸುವ ಆ ಮುಂದಿನ ಅಂಗಡಿಯವರು, "ನಾನೂರು ಮಂದಿ ಬಂದ್ರ ಒಂದು ಜೋಡಾದರೂ ಚಪ್ಪಲಿ ಕಾಣಬೇಕಿತ್ತಲ್ರಿ!" ಅಂದರಂತೆ. ಕಾಕಾ ಲೆಕ್ಕಿಸಲಿಲ್ಲ. ಗಿರಣಿಗೆ ಹೋಗಿ ಎರಡು ಚೀಲ ಮೆಣಸಿನಕಾಯಿ ಕುಟ್ಟಿಸಿಬಿಟ್ಟರು. ಕುಟ್ಟಿಸಿದ ಖಾರಪುಡಿ ತಿಂಗಳುಗಟ್ಟಲೆ ಇಟ್ಟರೆ ಬಣ್ಣ ಇಳಿಯುತ್ತದೆ ಅಂತ ಊರಿಗೆಲ್ಲ ಪಾಠ ಹೇಳುವ ಮನುಷ್ಯ! ನಾನು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ.

ಹೀಗೇ ಎರಡು ತಿಂಗಳು ನಡೆಯಿತು. ದಿನಾ ನಾಲ್ಕೈದು ನೂರು ಮಂದಿ ಬಂದರು, ಒಬ್ಬರೂ ಕಾಲು ಕಿಲೋ ಕೇಳಲಿಲ್ಲ. ಬರಬರುತ್ತಾ ಕಾಕಾನ ಫೋನು ಕಡಿಮೆಯಾಯಿತು. ಪೀಡೆ ಹೋಯಿತು ಅಂತ ನಾನು ಹಾಯಾಗಿದ್ದೆ.

ಒಂದು ದಿನ ಅವರೇ ಫೋನ್ ಮಾಡಿ, "ಹಾವೇರಿಗೆ ದವಾಖಾನಿಗೆ ಹೋಗಬೇಕಾಗೇತಿ, ಜೋಡಿ ಬರ್ತಿಯೇನು?" ಅಂದರು. ನಾನು ಗಾಬರಿಯಾಗಿ ಬಸ್ ಹತ್ತಿದೆ. ಬ್ಯಾಡಗಿಯ ದಾರಿ ಕೂಡುವ ಮೋಟೆಬೆನ್ನೂರಿನಲ್ಲಿ ಕಾಕಾ ಹತ್ತಿ ನನ್ನ ಪಕ್ಕದಲ್ಲಿ ಕೂತರು.

"ಏನಾಗೇತಿ ಕಾಕಾ?"

"ನಾಲಗಿ ಹೋಗೇತವಾ."

"ನಾಲಗಿ?"

"ಸಾವಿರಗಟ್ಟಲೆ ಮಂದಿ ಬರ್ತಾರ, ನೋಡ್ತಾರ, ಏನೂ ಅನ್ನದ ಹೊಳ್ಳಿ ಹೋಗ್ತಾರ. ಅಷ್ಟೂ ಮಂದಿ ತಪ್ಪಿರಾಕ ಸಾಧ್ಯ ಇಲ್ಲಲ್ಲ? ನನಗ ರುಚಿ ತಿಳೀಲಾರದಂಗ ಆಗೇತಿ. ಕೆಟ್ಟ ಮಾಲನ್ನ ಚಲೋ ಅಂತ ಮಾರಾಕತ್ತೇನಿ ಅನಸ್ತೈತಿ."

ಹಾವೇರಿ ಬರುವವರೆಗೂ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಡಾಕ್ಟರು 'ಆ' ಅನ್ನಿಸಿದರು, ಬ್ಯಾಟರಿ ಹಾಕಿ ನೋಡಿದರು, ನಾಲಗೆ ಸರಿಯಾಗಿಯೇ ಇದೆ ಅಂದರು. ಕಾಕಾ ಒಪ್ಪಿಯಾರೆ? ಅಂಗಿಯ ಕಿಸೆಯಿಂದ ಮೇಲೆ ಹೆಸರು ಬರೆದ ಮೂರು ಖಾರದ ಪೊಟ್ಟಣ ತೆಗೆದು, "ನಾನು ಕಣ್ಣ ಮುಚಗೊಂಡು ಹೇಳ್ತೇನ್ರಿ, ಖರೇ ಸುಳ್ಳು ನೀವ ನೋಡ್ರಿ" ಅಂದರು. ಡಾಕ್ಟರು ಪೊಟ್ಟಣ ಬಿಚ್ಚಿದರು. ಮೊದಲು ಸೀನಿದವರು ಡಾಕ್ಟರು. ಆಮೇಲೆ ನರ್ಸ್. ಆಮೇಲೆ ಹೊರಗೆ ಕೂತ ಪೇಷಂಟುಗಳೆಲ್ಲ! ಕಾಕಾ ಒಬ್ಬರೇ ಕಣ್ಣು ಮುಚ್ಚಿಕೊಂಡು, ಬೆರಳು ಚೀಪಿ, ಮೂರನ್ನೂ ಸರಿಯಾಗಿ ಹೇಳಿದರು. ಹೇಳಿ, ಪರೀಕ್ಷೆ ಬರೆದ ಹುಡುಗನ ಹಾಗೆ ನನ್ನ ಮುಖ ನೋಡಿದರು.

ಆ ಮುಖ ನೋಡಿ ನನ್ನಿಂದ ತಡೆಯಲು ಆಗಲಿಲ್ಲ. ಹೊರಗಿನ ಬೇವಿನ ಮರದ ಕಟ್ಟೆಯ ಮೇಲೆ ಕೂರಿಸಿ ಎಲ್ಲ ಹೇಳಿಬಿಟ್ಟೆ. ಆರು ಕಂಪ್ಯೂಟರು, ರೀಚಾರ್ಜಿನ ಆಸೆ, ಕಿತ್ತು ಹಾಕಿದ ಪ್ರಶ್ನೆ, ಒಂದನ್ನೂ ಬಿಡಲಿಲ್ಲ. ಹೇಳುವಾಗ ಚಪ್ಪಲಿ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಕಾಕಾ ಮೂರೂ ಪೊಟ್ಟಣ ಮಡಚಿ ಕಿಸೆಗೆ ಹಾಕಿಕೊಂಡರು.

"ಅಂದ್ರ, ಬಂದು ನೋಡಿ ಬ್ಯಾಡಂತ ಹೋದವರು ಯಾರೂ ಇಲ್ಲ?"

"ಇಲ್ಲ ಕಾಕಾ."

"ಒಬ್ಬರೂ?"

"ಒಬ್ಬರೂ ಇಲ್ಲ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಫೋನ್ ತೆಗೆದು ಕಾಕುಗೆ ಹಚ್ಚಿದರು. ಅವರ ಫೋನಿನ ದನಿ ಯಾವಾಗಲೂ ಊರಿಗೆಲ್ಲ ಕೇಳುವಂಥದ್ದು.

"ಡಾಕ್ಟರ್ ಏನಂದ್ರು?" ಕಾಕು ಕೇಳಿದಳು.

"ನಾಲಗಿ ಚಲೋ ಐತಂತ."

"ಮತ್ತ ಅಷ್ಟು ಮಂದಿ ಯಾಕ ಹೊಳ್ಳಿ ಹೋದ್ರು?"

ಕಾಕಾ ನನ್ನ ಕಡೆ ಒಮ್ಮೆ ನೋಡಿದರು. "ಕಂಪ್ಯೂಟರ್ ಲೆಕ್ಕ ತಪ್ಪಿತ್ತಂತ. ನಮ್ಮ ಹುಡುಗೀನ ಆ ತಪ್ಪು ಹುಡುಕಿ ತಗದಾಳ." ಸ್ವಲ್ಪ ತಡೆದು, "ಅದಿರ್ಲಿ, ಮೊನ್ನಿ ಸಾರಿಗೆ ಉಪ್ಪು ಹೆಚ್ಚಾಗಿತ್ತಲ್ಲ?" ಅಂದರು.

"ಹೌದು, ಕೈ ತಪ್ಪಿತ್ತು. ನೀವು ಯಾಕ ಸುಮ್ನ ಉಂಡ್ರಿ ಮತ್ತ?"

"ನನ್ನ ನಾಲಗೀನ ಕೆಟ್ಟೈತಿ, ನಿನಗ್ಯಾಕ ಅನ್ನಬೇಕಂತ ಸುಮ್ನಾದೆ."

ಆ ಕಡೆಯಿಂದ ಕಾಕು ಮೂಗು ಎಳೆದುಕೊಂಡದ್ದು ಕೇಳಿತು. "ಒಂದು ತಿಂಗಳಾತು ನೀವು ನನ್ನ ಅಡಿಗಿಗೆ ಚಲೋ ಅಂದಿಲ್ಲ, ಕೆಟ್ಟೈತಂತ ಹೆಸರೂ ಇಟ್ಟಿಲ್ಲ. ನನ್ನ ಮ್ಯಾಲೆ ಸಿಟ್ಟಾಗೀರಂತ ತಿಳದಿದ್ದೆ."

ಕಾಕಾ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡು, "ಇಲ್ಲ, ಇಲ್ಲ. ಇವತ್ತ ಎಣಗಾಯಿ ಮಾಡು. ಹುಡುಗೀನೂ ಊಟಕ್ಕ ಬರ್ತಾಳ" ಅಂದರು.