ಅಡುಗೆಯವನ ತಂಗಿಗಾಗಿ ಒಂದು ಹರಕೆ

ಟೆಕ್ಸಸ್‌ಗೆ ಬಂದ ನೆಂಟರನ್ನು ಜನ ರಾಕೆಟ್ ತೋರಿಸಲು ಕರೆದುಕೊಂಡು ಹೋಗುತ್ತಾರೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತಾರೆ, ಔಟ್‌ಲೆಟ್ ಮಾಲ್‌ನಲ್ಲಿ ಬಿಟ್ಟು ಸಂಜೆ ವಾಪಸ್ ಕರೆತರುತ್ತಾರೆ. ಹೇಳಿಕೊಳ್ಳುವಂಥದ್ದು ಏನೂ ಆಗುವುದಿಲ್ಲ. ನಾವು ಮಾತ್ರ ಹಾಲು ತರಲು ಹೋದರೂ ಹಾಲಿನ ಜೊತೆ ಒಂದು ಕತೆ ತರುತ್ತೇವೆ. ತಪ್ಪು ನನ್ನದಲ್ಲ. ನಾನು ಎಲ್ಲವನ್ನೂ ಸರಿಯಾಗಿಯೇ ಮಾಡುತ್ತೇನೆ, ಆಗುವುದು ಮಾತ್ರ ಹೀಗೆ.

ಈ ಸಲದ್ದಕ್ಕೆ ಕಾರಣ ಒಂದು ಮಾಂಗಾ, ಅಂದರೆ ಜಪಾನಿನವರ ಚಿತ್ರಕತೆ ಪುಸ್ತಕ. ಹೈಸ್ಕೂಲಿನಲ್ಲಿರುವ ನನ್ನ ಮಗಳಿಗೆ ಅದರ ಹುಚ್ಚು. ಹಳೆಯ ಕಾಲದ ಟೆಕ್ಸಸ್, ದನಗಳ ಹಿಂಡು ಹೊಡೆದುಕೊಂಡು ಹೋಗುವ ಕೌಬಾಯ್‌ಗಳು, ಅವರಿಗೆ ಗಾಡಿಯಲ್ಲೇ ಅಡುಗೆ ಮಾಡಿ ಬಡಿಸುವ ಒಬ್ಬ ಜಪಾನಿ ಯುವಕ. ದೋಣಿಯಿಂದ ಇಳಿದ ದಿನವೇ ಅವನ ತಂಗಿ ಕೈತಪ್ಪಿ ಹೋಗಿದ್ದಾಳೆ. ಅವಳನ್ನು ಊರೂರಲ್ಲಿ ಹುಡುಕುವುದೇ ಕತೆ. ಬರೆದವರು ಟೆಕ್ಸಸ್‌ಗೆ ಬಂದು ನಿಜವಾದ ಜಾಗಗಳನ್ನು ನೋಡಿಯೇ ಚಿತ್ರ ಬರೆದಿದ್ದಾರಂತೆ. ಆ ಜಾಗಕ್ಕೆ ಹೋಗಿ, ಪುಸ್ತಕದ ಪುಟವನ್ನು ಎತ್ತಿ ಹಿಡಿದು, ಚಿತ್ರವೂ ಜಾಗವೂ ಒಂದಕ್ಕೊಂದು ಕೂಡುವಂತೆ ಫೋಟೋ ತೆಗೆಯುವುದು ಅಭಿಮಾನಿಗಳ ಪದ್ಧತಿ. ಮಗಳು ಇದನ್ನು "ಪಿಲ್ಗ್ರಿಮೇಜ್" ಎಂದಳು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ, "ಹಂಗಂದ್ರ ಏನ್ರಿ ಅಳಿಯಂದ್ರ?" ಎಂದು ಕೇಳಿದರು.

"ತೀರ್ಥಯಾತ್ರೆ ಅತ್ತೆ" ಎಂದೆ. ಅನ್ನಬಾರದಿತ್ತು.

ಎದ್ದು ಕೂತ ಹೆಣ

ಯಾತ್ರೆ ಎಂದ ಮೇಲೆ ಸ್ಥಳಪುರಾಣ ಗೊತ್ತಿರಬೇಕಲ್ಲ. "ಕತಿ ಏನದ, ಯಾರರ ಹೇಳ್ರಿ" ಎಂದು ಅತ್ತೆ ಕೂತರು. "ನಾನಿದೀನಲ್ಲ ಅತ್ತೆ" ಎಂದು ನಾನು ಮೊದಲನೆಯ ಭಾಗ ಕೈಗೆತ್ತಿಕೊಂಡೆ. ಒಂದೇ ಪಟ್ಟಿಗೆ ಕೂತು ಓದಿ ಮುಗಿಸಿ, ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು ಪುರಾಣ ಶುರುಮಾಡಿದೆ.

"ಒಬ್ಬ ಮುದುಕ ಕೌಬಾಯ್ ಸತ್ತು ಬಿದ್ದಿರ್ತಾನೆ ಅತ್ತೆ. ಎಲ್ಲರೂ ಅಳ್ತಿರ್ತಾರೆ. ಆಮೇಲೆ ಅವನು ಎದ್ದು ಕೂತ್ಕೊತಾನೆ. ಎದೆಯಲ್ಲಿದ್ದ ಗುಂಡು ಹೊರಗೆ ಬಂದು ಕಳ್ಳನ ಪಿಸ್ತೂಲಿಗೆ ವಾಪಸ್ ಹೋಗತ್ತೆ. ಆಮೇಲೆ ಎಲ್ಲರೂ ಊಟ ಮಾಡ್ತಾರೆ. ಊಟ ಆದ್ಮೇಲೆ ನಮ್ ಹುಡುಗ ಒಲೆ ಹಚ್ಚಿ ಅಡುಗೆ ಮಾಡ್ತಾನೆ."

ಅತ್ತೆ ಎರಡೂ ಕೈ ಜೋಡಿಸಿದರು. "ಸತ್ತವರನ್ನ ಎಬ್ಬಸ್ತಾನಂದ್ರ ಸಾಮಾನ್ಯ ಮನಶ್ಯಾ ಅಲ್ಲ ಬಿಡ್ರಿ ಆಂವ."

ಮಗಳು ರೂಮಿನಿಂದ ಓಡಿ ಬಂದಳು. "ಅಪ್ಪ! ಯು ರೆಡ್ ಇಟ್ ಬ್ಯಾಕ್‌ವರ್ಡ್ಸ್!" ಜಪಾನಿ ಪುಸ್ತಕವನ್ನು ಬಲಗಡೆಯಿಂದ ಓದಬೇಕಂತೆ. ಪುಸ್ತಕ ತಲೆಕೆಳಗು ಮಾಡಿದವರು ಅವರು, ಬೈಸಿಕೊಂಡವನು ನಾನು. ಅವತ್ತಿನಿಂದ ಪುರಾಣ ಹೇಳುವ ಕೆಲಸ ಮಗಳ ಪಾಲಾಯಿತು. ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ದಿನಾ ಸಂಜೆ ಅಜ್ಜಿಯ ಪಕ್ಕ ಕೂತು ತಡವರಿಸಿ ತಡವರಿಸಿ ಕನ್ನಡದಲ್ಲಿ ಕತೆ ಹೇಳತೊಡಗಿದಳು. ನಾನು ಅಡುಗೆಮನೆಯಲ್ಲಿ ನಿಂತು ಕದ್ದು ಕೇಳುತ್ತಿದ್ದೆ. ನನಗೆ ಬಹಳ ಸಂತೋಷವಾಗುತ್ತಿತ್ತು.

ಅವಳ ಕನ್ನಡದಲ್ಲಿ ವಯಸ್ಸಾದ ಗಂಡಸರೆಲ್ಲ ಅಂಕಲ್‌ಗಳು. ಪೊಲೀಸಿನವನು ಪೊಲೀಸ್ ಅಂಕಲ್, ತಂಗಿಯನ್ನು ಎತ್ತಿಕೊಂಡು ಹೋದ ಖಳನಾಯಕ ಬ್ಯಾಡ್ ಅಂಕಲ್. "ಆ ಬ್ಯಾಡ್ ಅಂಕಲ್‌ನ ಬಾಯಾಗ ಮಣ್ಣ ಬೀಳ್ಲಿ!" ಎಂದು ಅತ್ತೆ ದಿನಾ ಶಾಪ ಹಾಕುತ್ತಿದ್ದರು. ಒಂದು ಭಾನುವಾರ ಪಕ್ಕದ ಅಪಾರ್ಟ್‌ಮೆಂಟಿನ ಉಡುಪಿಯವರು ಬಂದರು. ಮಗಳು "ಅಜ್ಜಿ, ಅಂಕಲ್ ಬಂದ್ರು" ಎಂದು ಕೂಗಿದಳು. ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಕೇಳಿದರು: "ಇವರು ಯಾವ ಅಂಕಲ್ ರಿ? ಚಹಾ ಕೊಡೋದೋ ಬ್ಯಾಡೋ?"

ಡಾಲಸ್‌ನ ಕಂಚಿನ ದನಗಳು

ಇಲ್ಲಿ ನನ್ನ ಕೂದಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಜಂಬ ಎಂದುಕೊಂಡರೂ ಸರಿ. ನನಗೆ ಐವತ್ತು ದಾಟಿದೆ. ಲಾಸ್ ಕೊಲಿನಾಸ್‌ನ ನಮ್ಮ ಆಫೀಸಿನಲ್ಲಿ ನನ್ನ ವಾರಿಗೆಯವರೆಲ್ಲ ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಂದರೆ ನೋಡುವವರ ಕಣ್ಣು ಕುಕ್ಕುತ್ತದೆ. ನನ್ನ ತಲೆಯ ಮೇಲೆ ಮಾತ್ರ ಒತ್ತಾದ, ಅಲೆಅಲೆಯಾದ, ಡೈ ಕಾಣದ ಕಪ್ಪು ಕೂದಲು. ಇಷ್ಟು ವರ್ಷ ಟೆಕ್ಸಸ್‌ನಲ್ಲಿದ್ದೂ ನಾನು ಕೌಬಾಯ್ ಟೋಪಿ ಹಾಕಿಲ್ಲ. ಇರುವ ಆಸ್ತಿಯನ್ನು ಮುಚ್ಚಿಡುವುದು ನನಗೆ ಸರಿಬರುವುದಿಲ್ಲ.

ಡಾಲಸ್ ನಡುವೆ ಒಂದು ಪಾರ್ಕಿನಲ್ಲಿ ಉದ್ದ ಕೊಂಬಿನ ಕಂಚಿನ ದನಗಳ ದೊಡ್ಡ ಹಿಂಡೇ ಇದೆ, ದಿಬ್ಬ ಇಳಿದು ನೀರು ದಾಟುವ ಹಾಗೆ. ಅದನ್ನು ನೋಡಿಯೇ ಮಾಂಗಾದ ಮೊದಲ ಚಿತ್ರ ಬರೆದಿದ್ದಂತೆ. ಮಗಳು ಪುಟ ಎತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದಳು. ನಾನು ಎಲ್ಲಿ ನಿಲ್ಲಬೇಕು, ಎಷ್ಟು ಬಾಗಬೇಕು ಎಂದು ಹೇಳಿಕೊಡುತ್ತಿದ್ದೆ. "ಅಪ್ಪ, ಯುವರ್ ಹೇರ್ ಈಸ್ ಇನ್ ಎವ್ರಿ ಫೋಟೋ" ಎಂದು ಅವಳು ಸಿಡುಕಿದಳು. "ಚೆನ್ನಾಗಿದೆ ಬಿಡು" ಎಂದೆ.

ಅಷ್ಟರಲ್ಲಿ ಅತ್ತೆ ಎಲ್ಲಿ ಎಂದು ನೋಡಿದರೆ, ಹಿಂಡಿನ ಮುಂದಿದ್ದ ಹೋರಿಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ ಮುಗಿಸಿದ್ದರು. ಸೆಕ್ಯುರಿಟಿಯವಳು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ಮುಂದೆ ಹೋಗಿ, ಇದು ಬಣ್ಣವಲ್ಲ, ಗೌರವ, ಒರೆಸಿದರೆ ಹೋಗುತ್ತದೆ, ಇವರು ದನ ಕಂಡರೆ ಹೀಗೇ ಮಾಡುವುದು ಎಂದು ಗಂಭೀರವಾಗಿ ವಿವರಿಸಿದೆ. ಅವಳು ಹೋರಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ಟೋಪಿ ತೆಗೆದು ತನ್ನ ಹಣೆಯನ್ನೇ ಮುಂದೆ ಒಡ್ಡಿದಳು. ಅತ್ತೆ ಹಚ್ಚಿದರು. ಹಚ್ಚಿಸಿಕೊಂಡ ಮೇಲೆ ಹೇಳಿದಳು: "ಈಗ ಹೋರಿದು ಒರೆಸಿ. ನನ್ನದು ಇರಲಿ."

ಹ್ಯೂಸ್ಟನ್‌ನ ಐತಿಹಾಸಿಕ ಕಟ್ಟಡ

ಅಣ್ಣ ತಂಗಿ ದೋಣಿ ಇಳಿದು ಬೇರೆಯಾಗಿದ್ದು ಹ್ಯೂಸ್ಟನ್‌ನ ಬಾಯು ದಡದಲ್ಲಿ. ಬಾಯು ಎಂದರೆ ಊರ ಮಧ್ಯೆ ಹರಿಯುವ ಸಣ್ಣ ಹೊಳೆ. ಮಗಳು ಫೋನಿನ ಮ್ಯಾಪ್ ತೋರಿಸಿದಳು. ನಾನು ಮ್ಯಾಪ್ ನೋಡಿ ಜಾಗ ಹುಡುಕುವವನಲ್ಲ, ಜಾಗ ನೋಡಿದರೆ ನನಗೆ ಗೊತ್ತಾಗುತ್ತದೆ. ಗೊತ್ತಾಯಿತು ಕೂಡ. ಕೆಂಪು ಇಟ್ಟಿಗೆ, ಕಮಾನಿನ ಬಾಗಿಲು, ಗೋಡೆಗೆ ಕಬ್ಬಿಣದ ಕೊಂಡಿ.

"ನೋಡು" ಎಂದು ಮಗಳಿಗೆ ಪಾಠ ಶುರುಮಾಡಿದೆ. "ಈ ಇಟ್ಟಿಗೆ ಈಗಿನವರ ಕೈಲಿ ಆಗೋದಲ್ಲ. ಈ ಕೊಂಡಿಗೇ ದೋಣಿ ಕಟ್ತಿದ್ದಿದ್ದು." ಹೆಂಡತಿ, "ರೀ, ಹೊಳಿ ಅಲ್ಲೆ ದೂರ ಅದ, ದೋಣಿ ಇಲ್ಲಿ ಯಾಕ ಕಟ್ಟತಾರ?" ಎಂದಳು. "ಆಗ ನೀರು ಇಲ್ಲಿವರೆಗೂ ಬರ್ತಿತ್ತು" ಎಂದೆ. ದಾರಿಹೋಕರು ನಾಲ್ಕೈದು ಜನ ನಿಂತು ಕೇಳಿದರು. ಒಬ್ಬರು ಕೊಂಡಿಯ ಫೋಟೋವನ್ನೂ ತೆಗೆದರು.

ಒಳಗಿನಿಂದ ನಗುಮುಖದ ಹೆಂಗಸೊಬ್ಬಳು ಬಂದಳು. ಅದು ಸೈಕಲ್ ಕಟ್ಟುವ ಕೊಂಡಿಯಂತೆ. ಕಟ್ಟಡ ಹೊಸದಂತೆ, ಈಗಷ್ಟೇ ಬಾಡಿಗೆಗೆ ಬಿಡುತ್ತಿದ್ದಾರಂತೆ. ಎರಡು ಬೆಡ್‌ರೂಮಿನ ಮನೆಯೊಂದು ಖಾಲಿಯಿದೆ, ನೋಡುತ್ತೀರಾ ಎಂದಳು. ಅಷ್ಟು ಜನರ ಎದುರು ನಾನು ಇನ್ನೇನು ಹೇಳಲಿ? "ಅದಕ್ಕೇ ತಾನೇ ಬಂದಿದ್ದು" ಎಂದೆ. ಎಲ್ಲರೂ ಲಿಫ್ಟ್ ಹತ್ತಿ ಹೋಗಿ ಮನೆ ನೋಡಿದೆವು. ಅತ್ತೆ ನಲ್ಲಿ ತಿರುಗಿಸಿ ನೋಡಿದರು, ಕಪಾಟು ತೆರೆದು ನೋಡಿದರು, ಹೊರಗೆ ಬಂದು ತೀರ್ಪು ಕೊಟ್ಟರು: "ಬ್ಯಾಡ್ರಿ ಅಳಿಯಂದ್ರ. ದೇವರ ಮನಿಗೆ ಜಾಗಾನೇ ಇಲ್ಲ. ನಮ್ಮ ಲೂಯಿಸ್‌ವಿಲ್ ಮನೀನೇ ಛಲೋ ಅದ."

ಆಮೇಲೆ ಮಗಳೇ ನಮ್ಮನ್ನು ನಿಜವಾದ ದಡಕ್ಕೆ ಕರೆದುಕೊಂಡು ಹೋದಳು. ಪುಟ ಎತ್ತಿ ಹಿಡಿದಳು. ಚಿತ್ರದಲ್ಲಿ ಸಣ್ಣ ಹುಡುಗಿಯೊಬ್ಬಳು ಅಣ್ಣನ ಕೈ ಬಿಟ್ಟು ನಿಂತಿದ್ದಳು, ಸುತ್ತ ಗುರುತಿಲ್ಲದ ಜನ. ಅತ್ತೆ ಮೆಟ್ಟಿಲ ಮೇಲೆ ಕೂತು ಬಹಳ ಹೊತ್ತು ಚಿತ್ರ ನೋಡಿದರು. ಅವರೂ ಒಬ್ಬ ಅಣ್ಣನ ಕೈಹಿಡಿದು ಬೆಳೆದ ತಂಗಿಯೇ.

"ಅಕಿ ಸಿಗ್ತಾಳೋ ಇಲ್ಲೋ?" ಎಂದು ಮೊಮ್ಮಗಳನ್ನು ಕೇಳಿದರು.

"ಗೊತ್ತಿಲ್ಲ ಅಜ್ಜಿ. ಲಾಸ್ಟ್ ಬುಕ್ ಇನ್ನೂ ಬಂದಿಲ್ಲ. ನೀವು ಊರಿಗೆ ಹೋದ್ಮೇಲೆ ಬರತ್ತೆ."

"ಅಂದ್ರ ನಾ ಇದನ್ನ ಎದಿಯಾಗ ಇಟ್ಕೊಂಡ ವಿಮಾನ ಹತ್ತಬೇಕೇನು? ಇಲ್ಲ, ಇದಕ್ಕೇನರೆ ಮಾಡಬೇಕು."

"ನಾನಿದೀನಲ್ಲ ಅತ್ತೆ" ಎಂದೆ. ಬಾಯಿಗೆ ರೂಢಿಯಾದ ಮಾತು, ತಾನಾಗಿಯೇ ಬಂತು.

ಆಸ್ಟಿನ್‌ನ ಮರ

ಆಸ್ಟಿನ್‌ನಲ್ಲಿ ಒಂದು ದೊಡ್ಡ ಓಕ್ ಮರ. ತಂಗಿ ಎಂದಾದರೂ ಈ ದಾರಿಯಲ್ಲಿ ಬಂದರೆ ಗುರುತಿಗಿರಲಿ ಎಂದು ಅಡುಗೆಯವನು ಇದರ ಕೊಂಬೆಗೆ ತನ್ನ ಕೆಂಪು ವಸ್ತ್ರ ಕಟ್ಟಿ ಹೋಗುತ್ತಾನೆ. ನಾವು ಹೋದಾಗ ಅಲ್ಲಿ ಬೇರೆ ಅಭಿಮಾನಿಗಳೂ ಇದ್ದರು. ಜಪಾನಿನಿಂದಲೇ ಬಂದ ಗಂಡಹೆಂಡತಿ, ಕೌಬಾಯ್ ವೇಷದ ಕಾಲೇಜು ಹುಡುಗರು, ಎಲ್ಲರ ಕೈಯಲ್ಲೂ ಅದೇ ಪುಸ್ತಕ.

ಅತ್ತೆ ಚಪ್ಪಲಿ ಬಿಟ್ಟರು. ಸೆರಗು ಹೊದ್ದುಕೊಂಡರು. ಕೈಮುಗಿದು ಮರಕ್ಕೆ ಪ್ರದಕ್ಷಿಣೆ ಹಾಕತೊಡಗಿದರು. ಹಿಂದೆ ಹೆಂಡತಿ, ಅವಳ ಹಿಂದೆ ಮಗಳು. ಮಗಳು ಸುಮ್ಮನೆ ಹೋಗಿದ್ದೇ ಆಶ್ಚರ್ಯ. ಜಪಾನಿ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಇಲ್ಲಿಯ ಕ್ರಮ ಇದೇ ಇರಬೇಕು ಎಂದು ಶೂ ಬಿಚ್ಚಿಟ್ಟು ಸಾಲಿಗೆ ಸೇರಿದರು. ಕೌಬಾಯ್ ಹುಡುಗರು ಬೂಟು ಕಿತ್ತು ಕುಂಟುತ್ತಾ ಸೇರಿದರು. ನನಗೆ ಇಂಥ ಸಂದರ್ಭದಲ್ಲಿ ಸುಮ್ಮನಿರಲು ಬರುವುದಿಲ್ಲ. "ಬಲಗಡೆಯಿಂದ, ಬಲಗಡೆಯಿಂದ!" ಎಂದು ಇಂಗ್ಲಿಷಿನಲ್ಲಿ ಕೂಗಿ ಎಲ್ಲರನ್ನೂ ಸಾಲಾಗಿ ನಡೆಸಿದೆ.

ಸುತ್ತು ಮುಗಿದ ಮೇಲೂ ಅತ್ತೆ ಕಣ್ಣುಮುಚ್ಚಿ ಏನೋ ಬೇಡಿಕೊಳ್ಳುತ್ತಲೇ ಇದ್ದರು. ಕಣ್ಣು ತೆರೆದು ನನ್ನ ತಲೆಯನ್ನೇ ಒಂದು ಕ್ಷಣ ನೋಡಿದರು. ಮೆಚ್ಚಿಗೆಯಿಂದ ಎಂದುಕೊಂಡೆ. ಆಮೇಲೆ ಡಬ್ಬಿ ತೆಗೆದು ಚಿತ್ರಾನ್ನ ಹಂಚಿದರು. ಎಲ್ಲರೂ ಎರಡೂ ಕೈಯೊಡ್ಡಿ ಇಸಿದುಕೊಂಡರು.

ಮುಂದಿನ ವಾರ ಮಗಳು ನಗುತ್ತಾ ಫೋನ್ ತೋರಿಸಿದಳು. ಅಭಿಮಾನಿಗಳ ಗುಂಪಿನಲ್ಲಿ ಯಾರೋ ಹೊಸಬರಿಗೆ ದಾರಿ ಹೇಳಿಕೊಟ್ಟಿದ್ದರು: ಆಸ್ಟಿನ್ ಮರದ ಹತ್ತಿರ ಶೂ ಬಿಡಬೇಕು, ಬಲಗಡೆಯಿಂದ ಸುತ್ತಬೇಕು, ಕೊನೆಗೆ ಹಳದಿ ಅನ್ನ ತಿನ್ನಬೇಕು. ಅನ್ನ ನೀವೇ ತರಬೇಕು, ಅಜ್ಜಿ ದಿನಾ ಇರುವುದಿಲ್ಲ.

ಯಾರು ಹೋದರು?

ಅತ್ತೆ ಧಾರವಾಡಕ್ಕೆ ವಾಪಸ್ಸಾದರು. ಕೆಲವು ತಿಂಗಳ ಮೇಲೆ ಕೊನೆಯ ಪುಸ್ತಕ ಬಂತು. ಮಗಳು ಓದಿ ಮುಗಿಸಿ ಮನೆಯೆಲ್ಲ ಕೇಳುವಂತೆ ಕೂಗಿದಳು. "ಸಿಕ್ಕಿದ್ಳು! ಅಪ್ಪ, ಸಿಕ್ಕಿದ್ಳು! ಮರದ ಹತ್ರಾನೇ ಸಿಕ್ಕಿದ್ಳು!"

ತಕ್ಷಣ ಅತ್ತೆಗೆ ವಿಡಿಯೋ ಕಾಲ್. ಅತ್ತೆ ಕಣ್ಣೊರೆಸಿಕೊಂಡರು, ತಿರುಪತಿ ತಿಮ್ಮಪ್ಪನಿಗೆ ಕೈಮುಗಿದರು. ಆಮೇಲೆ ದನಿ ಬದಲಾಯಿತು. "ಅಳಿಯಂದ್ರ ಎಲ್ಲಿದ್ದಾರ? ಮುಂದ ಕರೀ."

ಹೋದೆ. "ಹರಕಿ ತೀರಸಬೇಕಲ್ರಿ" ಎಂದರು.

"ಅದಕ್ಕೇನತ್ತೆ, ನಾನಿದೀನಲ್ಲ" ಎಂದೆ. ತೆಂಗಿನಕಾಯಿ ಎಂದುಕೊಂಡಿದ್ದೆ.

"ಆ ಹುಡುಗಿ ಸಿಕ್ಕರ ನಮ್ಮ ಅಳಿಯಂದಿರ ಮುಡಿ ನಿನಗ ಅಂತ ತಿಮ್ಮಪ್ಪಗ ಬೇಡ್ಕೊಂಡೀನಿ."

ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. "ನನ್ನ ಮುಡಿನಾ? ನಿಮ್ಮದು ಹೇಳ್ಕೋಬಹುದಿತ್ತಲ್ಲ ಅತ್ತೆ!"

"ನನ್ನ ತಲ್ಯಾಗ ಏನ್ ಅದರಿ, ನಾಲ್ಕು ಎಳಿ. ದೇವರಿಗೆ ಕೊಡೋದು ಛಲೋದಿರಬೇಕು. ನಿಮ್ಮ ಮನ್ಯಾಗ ಎಲ್ಲಾಕಿಂತ ಛಲೋ ಅಂದ್ರ ನಿಮ್ಮ ಕೂದಲನ. ಮತ್ತ ನೀವ ಅಂದಿದ್ರಲ್ಲ, ನಾನಿದೀನಿ ಅಂತ?"

ಮುಂದಿನ ಸಲ ಊರಿಗೆ ಬಂದಾಗ ನೋಡೋಣ ಎಂದೆ. "ಅಲ್ಲೀತನಕ ಆ ಕೂಸಿಗೆ ಮತ್ತೇನರೆ ಆದ್ರ?" ಎಂದರು. ಕತೆ ಮುಗಿದಿದೆ, ಇನ್ನೇನೂ ಆಗುವುದಿಲ್ಲ ಎಂದೆ. "ಬರಿಯೋವ್ರ ಬುದ್ಧಿ ಯಾರಿಗ್ ಗೊತ್ತರಿ!" ಸಹಾಯಕ್ಕೆ ಬಾ ಎಂದು ಮಗಳ ಕಡೆ ನೋಡಿದೆ. ಅವಳು ಪುಸ್ತಕವನ್ನು ಎದೆಗವಚಿಕೊಂಡು ಹೇಳಿದಳು: "ಕೊಟ್ಬಿಡಪ್ಪ. ಪಾಪ, ತಂಗಿ ಸಿಕ್ಕಿದಾಳಲ್ಲ." ಇಂಗ್ಲಿಷಿನಲ್ಲಿ ಕೇಳಿದ್ದರೆ ಖಂಡಿತ ಇಲ್ಲ ಎನ್ನುತ್ತಿದ್ದೆ.

ಲೂಯಿಸ್‌ವಿಲ್‌ನ ಸಲೂನಿನವಳು "ಪೂರ್ತಿಯಾ?" ಎಂದು ಮತ್ತೆ ಮತ್ತೆ ಕೇಳಿ ಮಷಿನ್ ಹಚ್ಚಿದಳು. ಕೂದಲನ್ನು ಜಿಪ್ ಚೀಲದಲ್ಲಿ ತುಂಬಿಸಿಕೊಂಡು ಬಂದೆ, ಯಾರಾದರೂ ತಿರುಪತಿಗೆ ಹೋಗುವವರ ಕೈಲಿ ಕಳಿಸಲು.

ನಮ್ಮವರಲ್ಲಿ ಈ ವಯಸ್ಸಿನ ಗಂಡಸು ಇದ್ದಕ್ಕಿದ್ದಂತೆ ತಲೆ ಬೋಳಿಸಿಕೊಂಡರೆ ಅದಕ್ಕೆ ಒಂದೇ ಅರ್ಥ. ಸೋಮವಾರ ಆಫೀಸಿಗೆ ಕಾಲಿಟ್ಟೆ, ಬೆಂಗಳೂರು ಮೈಸೂರಿನವರೆಲ್ಲ ಎದ್ದು ನಿಂತರು. ಒಬ್ಬರು ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು: "ತಂದೆಯವರಾ, ತಾಯಿಯವರಾ?" ಇಬ್ಬರೂ ಮೈಸೂರಲ್ಲಿ ಗಟ್ಟಿಮುಟ್ಟಾಗಿ ವಾಕಿಂಗ್ ಹೋಗ್ತಿದಾರೆ ಎಂದೆ. ಯಾರೂ ನಂಬಲಿಲ್ಲ. ಸಂಜೆ ಮನೆಗೆ ಬಂದರೆ ಮೇಜಿನ ತುಂಬ ಡಬ್ಬಿಗಳು. ಸೂತಕದ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ ಎಂದು ಪಕ್ಕದೂರು ರಿಚರ್ಡ್‌ಸನ್‌ನ ಆಂಟಿಯೊಬ್ಬರು ಅನ್ನ, ಸಾರು, ಪಲ್ಯ ತಂದುಕೊಟ್ಟಿದ್ದರು.

"ಯಾರು ಹೋದ್ರು ಅಂತ ಕೇಳಲಿಲ್ವಾ?" ಎಂದೆ.

"ಕೇಳಿದ್ರು" ಎಂದಳು ಹೆಂಡತಿ. "ಯಾರೂ ಹೋಗಿಲ್ರಿ, ಒಬ್ಬಾಕಿ ಸಿಕ್ಕಾಳ ಅಂದೆ. ದುಃಖದಾಗ ನನ್ನ ತಲಿ ಕೆಟ್ಟದ ಅಂತ ತಿಳಕೊಂಡು ಕಾರಿನಿಂದ ಇನ್ನೊಂದು ಡಬ್ಬಿ ತಂದುಕೊಟ್ಟರು."

ಎರಡು ತಿಂಗಳಲ್ಲಿ ತಲೆ ಮತ್ತೆ ಕಪ್ಪಗಾಗತೊಡಗಿತ್ತು. ಹಳೆಯ ವೈಭವ ಬರುವ ಲಕ್ಷಣಗಳು ಕನ್ನಡಿಯಲ್ಲಿ ಕಾಣುತ್ತಿದ್ದವು. ಒಂದು ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದಾಗ ಮಗಳು ಫೋನಿನಲ್ಲಿ ಅಜ್ಜಿಗೆ ಕನ್ನಡದಲ್ಲೇ ಏನೋ ಹೇಳುತ್ತಿದ್ದಳು. ಅದೇ ಮಾಂಗಾದವರು ಹೊಸ ಕತೆ ಶುರುಮಾಡಿದ್ದಾರಂತೆ. ಈ ಸಲ ಒಬ್ಬ ಹುಡುಗನ ಅಮ್ಮ ಕಳೆದುಹೋಗಿದ್ದಾಳಂತೆ. ಸ್ಪೀಕರಿನಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಅಯ್ಯ ಪಾಪ! ಅದಿರ್ಲಿ, ನಿಮ್ಮಪ್ಪನ ಕೂದಲು ಈಗ ಎಷ್ಟು ಬಂದಾವ?"